ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜ್ ಫುಟ್‌ಬಾಲ್ ಹುಚ್ಚು ಹತ್ತೋದು ಹೇಗೆ, ಹತ್ತಿದ ಮೇಲೆ ಬಿಡಲ್ಲ ಯಾಕೆ

ಸೆಪ್ಟೆಂಬರ್ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮ ಓದುಗರ ಪತ್ರಗಳಲ್ಲಿ ಕಾಲೇಜ್ ಫುಟ್‌ಬಾಲ್ ವಿಷಯ ಬಂದೇ ಬರತ್ತೆ, ಈ ಸಲ ಎಷ್ಟು ಬಂದಿವೆ ಅಂದ್ರೆ ಪೂರ್ತಿ ಅಂಕಣ ಅದಕ್ಕೇ ಕೊಡ್ತಾ ಇದೀನಿ. ಆಟ ನೋಡದೇ ಇರೋರಿಗೆ ಮೊದಲೇ ಹೇಳ್ಬಿಡ್ತೀನಿ, ಇದು ಕಾಲಲ್ಲಿ ಒದೆಯೋ ಸಾಕರ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋ ಅಮೆರಿಕನ್ ಫುಟ್‌ಬಾಲ್. ಆಡೋರು ಯೂನಿವರ್ಸಿಟಿ ಹುಡುಗರು, ಆಟ ಹೆಚ್ಚಾಗಿ ಶನಿವಾರ, ಒಂದು ಸೀಸನ್‌ಗೆ 12 ಮ್ಯಾಚ್, ಅದರಲ್ಲಿ ಸ್ವಂತ ಸ್ಟೇಡಿಯಂನಲ್ಲಿ ಆರೋ ಏಳೋ ಅಷ್ಟೆ. ಇನ್ನೊಂದು ವಿಷಯ, ನಾನು ನೆಬ್ರಾಸ್ಕಾ ಟೀಮ್ ಕಡೆಯೋನು, ಹಾಗಾಗಿ ಕೆಳಗೆ ಆ ಹೆಸರು ಸ್ವಲ್ಪ ಜಾಸ್ತಿನೇ ಬಂದ್ರೆ ಕಾರಣ ಅದೇ.

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಮಗ ಎಂಎಸ್ ಮಾಡೋಕೆ ಅಂತ ಕೊಲಂಬಸ್‌ಗೆ, ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋದ. ಹೋಗೋವಾಗ ಆ ಆಟದಲ್ಲಿ ಒಂದು ಕಡೆ ಎಷ್ಟು ಜನ ಇರ್ತಾರೆ ಅಂತಾನೂ ಅವನಿಗೆ ಗೊತ್ತಿರಲಿಲ್ಲ. ಈಗ ಓದು ಮುಗಿದು ಕೆಲಸ ಸಿಕ್ಕಿ ಸಿಯಾಟಲ್‌ನಲ್ಲಿದಾನೆ, ಆದ್ರೂ ಶನಿವಾರ ಮ್ಯಾಚ್ ಇದ್ರೆ ಫೋನ್ ಎತ್ತಲ್ಲ, ಸೋತ್ರೆ ಭಾನುವಾರನೂ ಸರಿಯಾಗಿ ಮಾತಾಡಲ್ಲ, ಮಿಷಿಗನ್ ಅನ್ನೋ ಹೆಸರನ್ನ ಬಾಯಲ್ಲಿ ತರೋದೇ ಇಲ್ಲ. ಎರಡೇ ವರ್ಷದಲ್ಲಿ ಇಷ್ಟೊಂದು ಹೇಗೆ ಹಚ್ಚಿಕೊಂಡ? ಇದು ಮುಂದೆ ಹೋಗತ್ತಾ?
- ಒಬ್ಬ ತಾಯಿ

ಉತ್ತರ: ಅಮ್ಮಾ, ಹೋಗಲ್ಲ. ಹೋಗೋದೂ ಬೇಡ ಅಂತ ನನ್ನಾಸೆ, ಯಾಕೆ ಅಂತ ಹೇಳ್ತೀನಿ.

ನಿಮ್ಮ ಮಗ ಹೋದ ಹೊಸದರಲ್ಲಿ ಹೇಗಿದ್ದಿರಬಹುದು ಅಂತ ಒಂದ್ಸಲ ಯೋಚನೆ ಮಾಡಿ. ಆಗಸ್ಟ್‌ನಲ್ಲಿ ಇಳಿದಿರ್ತಾನೆ, ಕ್ಲಾಸಲ್ಲಿ ಪರಿಚಯ ಇಲ್ಲ, ರೂಮಲ್ಲಿ ಇರೋರೂ ಹೊಸಬರೇ, ಯಾರ ಜೊತೆ ಏನು ಮಾತಾಡಬೇಕು ಅಂತ ಗೊತ್ತಿಲ್ಲ. ಅಷ್ಟರಲ್ಲಿ ಒಂದು ಶನಿವಾರ ಇಡೀ ಊರು ಕೆಂಪು ಬಟ್ಟೆ ಹಾಕ್ಕೊಂಡು ಒಂದೇ ದಿಕ್ಕಿಗೆ ನಡೀತಾ ಇರತ್ತೆ. ಒಹಾಯೊ ಸ್ಟೇಡಿಯಂ 1922ರಲ್ಲಿ ಕಟ್ಟಿದ್ದು, ಈಗ ಅದರಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರ್ತಾರೆ. ಅಷ್ಟು ಜನರ ಮಧ್ಯೆ ಒಂದು ಮೂಲೆಯಿಂದ ‘ಓ ಎಚ್’ ಅಂತ ಕೂಗಿದ್ರೆ ಇನ್ನೊಂದು ಮೂಲೆಯಿಂದ ‘ಐ ಓ’ ಅಂತ ವಾಪಸ್ ಬರತ್ತೆ. ರೂಲ್ಸ್ ಗೊತ್ತಿಲ್ಲದ ಹುಡುಗನೂ ಆ ನಾಲ್ಕು ಅಕ್ಷರ ಕೂಗಬಹುದು ಅಲ್ವಾ. ಕೂಗಿದ ತಕ್ಷಣ ಪಕ್ಕದಲ್ಲಿರೋನು ಹೆಗಲ ಮೇಲೆ ಕೈ ಹಾಕ್ತಾನೆ, ನೀನು ಯಾವ ದೇಶದೋನು ಯಾವ ಭಾಷೆಯೋನು ಅಂತ ಕೇಳೋ ಮುಂಚೆನೇ ನೀನು ನಮ್ಮೋನು ಅಂತ ತೀರ್ಮಾನ ಆಗಿರತ್ತೆ. ನನ್ನ ಪ್ರಕಾರ ಬಹಳ ಜನಕ್ಕೆ ಮೊದಲು ಹತ್ತೋದು ಆಟ ಅಲ್ಲ, ಇದು. ಆಟ ಆಮೇಲೆ ನಿಧಾನಕ್ಕೆ ಅರ್ಥ ಆಗತ್ತೆ.

ಅದರ ಮೇಲೆ ಬ್ಯಾಂಡ್. ಅಲ್ಲಿನ ಮಾರ್ಚಿಂಗ್ ಬ್ಯಾಂಡ್ 1936ರಿಂದ ಮೈದಾನದಲ್ಲಿ ಸಾಲಾಗಿ ನಡೀತಾ ನಡೀತಾನೇ ಒಹಾಯೊ ಅಂತ ಇಂಗ್ಲಿಷ್‌ನಲ್ಲಿ ಬರೆಯತ್ತೆ, ಕೊನೆಗೆ ‘ಐ’ ಅಕ್ಷರದ ಮೇಲಿನ ಚುಕ್ಕಿ ಜಾಗಕ್ಕೆ ಸೂಸಫೋನ್ ಅನ್ನೋ ದೊಡ್ಡ ಹಿತ್ತಾಳೆ ಕೊಂಬು ಊದೋ ಒಬ್ಬ ಹುಡುಗನೋ ಹುಡುಗಿನೋ ಹೆಜ್ಜೆ ಎತ್ತಿ ಎತ್ತಿ ಹಾಕ್ತಾ ಬಂದು ನಿಂತು ಬಗ್ಗಿ ನಮಸ್ಕಾರ ಮಾಡ್ತಾರೆ, ಸ್ಟೇಡಿಯಂ ಪೂರ್ತಿ ಎದ್ದು ನಿಲ್ಲತ್ತೆ. ಟಿವಿಯಲ್ಲಿ ನೋಡಿದ್ರೆ ಇದರಲ್ಲೇನಿದೆ ಅನ್ಸಬಹುದು, ಅಲ್ಲಿದ್ದು ನೋಡಿದೋರಿಗೆ ಹಾಗನ್ಸಲ್ಲ.

ಮಿಷಿಗನ್ ವಿಷಯ ನಿಮ್ಮ ಮಗ ಒಬ್ಬಂದೇ ಅಲ್ಲ. ಈ ಎರಡೂ ಟೀಮ್ 1897ರಿಂದ ಆಡ್ತಾ ಇವೆ, ಸೀಸನ್ನಿನ ಕೊನೇ ಮ್ಯಾಚ್ ಅವರಿಬ್ಬರದೇ ಆಗಿರತ್ತೆ, ಆ ವಾರ ಬಂತು ಅಂದ್ರೆ ಕೊಲಂಬಸ್ ಕ್ಯಾಂಪಸ್‌ನಲ್ಲಿರೋ ಬೋರ್ಡುಗಳಲ್ಲಿ ‘ಎಂ’ ಅಕ್ಷರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೆಂಪು ಟೇಪ್ ಅಂಟಿಸಿ ಮುಚ್ಚಿಬಿಡ್ತಾರೆ. ಒಹಾಯೊ ಸ್ಟೇಟ್ ಕೋಚ್ ವುಡಿ ಹೇಯ್ಸ್, ಮಿಷಿಗನ್ ಕೋಚ್ ಬೋ ಶೆಂಬೆಕ್ಲರ್, ಇವರಿಬ್ಬರು 1969ರಿಂದ 1978ರ ತನಕ ಎದುರುಬದುರು ನಿಂತಿದ್ದನ್ನ ಈಗಲೂ ಹತ್ತು ವರ್ಷದ ಯುದ್ಧ ಅಂತಾನೇ ಕರೀತಾರೆ. ಅದರಲ್ಲಿ ಬೋ ಹಿಂದೆ ವುಡಿ ಕೈಕೆಳಗೇ ಕೆಲಸ ಕಲಿತೋರು. ಇಂಥ ಕಥೆ ಒಂದೊಂದೇ ಕಿವಿಗೆ ಬೀಳ್ತಾ ಬೀಳ್ತಾ, ತಾನು ಹುಟ್ಟೋ ಮುಂಚೆ ಆದ ಮ್ಯಾಚ್ ಕೂಡ ತಾನು ನೋಡಿದ್ದೇ ಅನ್ನೋ ಹಾಗೆ ಆಗಿಬಿಡತ್ತೆ.

ರಾಬರ್ಟ್ ಚಾಲ್ಡೀನಿ ಅಂತ ಒಬ್ಬ ಸೈಕಾಲಜಿ ಪ್ರೊಫೆಸರ್ ಮತ್ತೆ ಅವರ ಜೊತೆಯೋರು 1976ರಲ್ಲಿ ಒಂದು ಸ್ಟಡಿ ಪ್ರಕಟಿಸಿದ್ರು. ಏಳು ಯೂನಿವರ್ಸಿಟಿಗಳಲ್ಲಿ, ಒಹಾಯೊ ಸ್ಟೇಟ್ ಮತ್ತೆ ಮಿಷಿಗನ್ ಎರಡೂ ಅದರಲ್ಲಿದ್ವು, ಸೋಮವಾರ ಕ್ಲಾಸಿಗೆ ಬರೋ ಹುಡುಗರಲ್ಲಿ ಎಷ್ಟು ಜನ ಕಾಲೇಜ್ ಹೆಸರಿರೋ ಬಟ್ಟೆ ಹಾಕಿದಾರೆ ಅಂತ ಲೆಕ್ಕ ಇಟ್ರು, ಶನಿವಾರ ಗೆದ್ದಿದ್ರೆ ಜಾಸ್ತಿ, ಸೋತಿದ್ರೆ ಕಮ್ಮಿ. ಫೋನ್ ಮಾಡಿ ಕೇಳಿದಾಗ ಗೆದ್ದಿದ್ದಕ್ಕೆ ‘ನಾವು ಗೆದ್ವಿ’, ಸೋತಿದ್ದಕ್ಕೆ ‘ಅವರು ಸೋತ್ರು’ ಅನ್ನೋದು ಜಾಸ್ತಿ ಕಂಡಿತು. ನಿಮ್ಮ ಮಗ ಸೋತಾಗ ಏನಂತಾನೆ ಅಂತ ಒಂದ್ಸಲ ಗಮನಿಸಿ. ‘ನಾವು ಸೋತ್ವಿ’ ಅಂದ್ರೆ ಅವನು ಗೆಲುವಿಗೆ ಮಾತ್ರ ಬಂದೋನಲ್ಲ, ಪೂರ್ತಿ ಸೇರ್ಕೊಂಡಿದಾನೆ ಅಂತ ಅರ್ಥ.

ಸಿಯಾಟಲ್‌ಗೆ ಹೋದ್ರೂ ಯಾಕೆ ಬಿಟ್ಟಿಲ್ಲ ಅಂದ್ರೆ, ಅಲ್ಲೂ ಅವನು ಮತ್ತೆ ಹೊಸಬನೇ ತಾನೆ. ಏರ್‌ಪೋರ್ಟಲ್ಲೋ ಅಂಗಡಿಯಲ್ಲೋ ಆ ಟೋಪಿ ಹಾಕಿದೋನು ಒಬ್ಬ ಕಂಡ್ರೆ ‘ಓ ಎಚ್’ ಅಂತಾನೆ, ಇವನು ‘ಐ ಓ’ ಅಂತಾನೆ, ಅಲ್ಲಿಗೆ ಪರಿಚಯ ಆಯ್ತು. ಪರ ಊರಲ್ಲಿ ಒಂಟಿ ಇರೋ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ ಅಮ್ಮಾ. ಶನಿವಾರ ಬಿಟ್ಟು ಶುಕ್ರವಾರ ಫೋನ್ ಮಾಡಿ, ಮ್ಯಾಚ್ ಯಾರ ಮೇಲೆ ಅಂತ ಕೇಳಿ, ಎಷ್ಟು ಹೊತ್ತು ಮಾತಾಡ್ತಾನೆ ನೋಡಿ.

ಪ್ರಶ್ನೆ: ಓದಿದೋರು ತಮ್ಮ ಕಾಲೇಜಿಗೆ ಜೈ ಅನ್ನೋದು ಅರ್ಥ ಆಗತ್ತೆ. ಆದ್ರೆ ನಾನಿರೋ ಒಮಾಹಾದಲ್ಲಿ ಪಕ್ಕದ ಮನೆ ಅಜ್ಜ, ಅವರ ಮಗ, ಸೊಸೆ ಯಾರೂ ನೆಬ್ರಾಸ್ಕಾ ಯೂನಿವರ್ಸಿಟಿಯಲ್ಲಿ ಓದಿಲ್ಲ, ಆದ್ರೂ ಮನೆ ಮುಂದೆ ಕೆಂಪು ಬಾವುಟ, ಸೋತ್ರೆ ಸಾವಿನ ಮನೆ ಥರ. ಓದದೇ ಇರೋ ಕಾಲೇಜ್ ಮೇಲೆ ಯಾಕಿಷ್ಟು ಪ್ರೀತಿ?
- ಒಮಾಹಾದ ಓದುಗರು

ಉತ್ತರ: ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಆ ಅಜ್ಜನಿಗೆ ಅದು ‘ಯಾವುದೋ ಕಾಲೇಜ್’ ಅಲ್ಲ, ಅವರ ರಾಜ್ಯದ ಕಾಲೇಜ್. 1862ರಲ್ಲಿ ಮಾರಿಲ್ ಆಕ್ಟ್ ಅಂತ ಕಾನೂನು ಬಂತು, ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟು, ಅದನ್ನ ಮಾರಿದ ದುಡ್ಡಲ್ಲಿ ಕೃಷಿ ಮತ್ತೆ ಎಂಜಿನಿಯರಿಂಗ್ ಥರದ ವಿದ್ಯೆ ಕಲಿಸೋ ಕಾಲೇಜ್ ನಡೆಸಿ ಅಂತು. ನೆಬ್ರಾಸ್ಕಾ, ಒಹಾಯೊ ಸ್ಟೇಟ್, ವಿಸ್ಕಾನ್ಸಿನ್, ಆಬರ್ನ್, ಟೆಕ್ಸಸ್ ಎ ಅಂಡ್ ಎಂ ಇವೆಲ್ಲ ಆ ದಾರಿಯಲ್ಲೇ ಬೆಳೆದಿದ್ದು. ಇವು ದೊಡ್ಡ ಮನೆತನದೋರ ಮಕ್ಕಳಿಗೆ ಮಾತ್ರ ಅಂತ ಇರಲಿಲ್ಲ, ರೈತನ ಮಗನಿಗೂ ಬಾಗಿಲು ತೆಗೆದಿತ್ತು. ಓದೋಕೆ ಹೋಗದ ರೈತನ ಹೊಲಕ್ಕೂ ಅಲ್ಲಿಂದ ಬೀಜ, ಮಣ್ಣು, ರೋಗದ ಬಗ್ಗೆ ಸಲಹೆ ಬರ್ತಿತ್ತು. ಅಂದ್ಮೇಲೆ ಅದು ನಮ್ಮದು ಅಂತ ಅನ್ಸೋಕೆ ಡಿಗ್ರಿ ಬೇಕಾಗಿರಲಿಲ್ಲ.

ಇನ್ನೊಂದು ಕಾರಣ, ನೆಬ್ರಾಸ್ಕಾದಲ್ಲಿ ದೊಡ್ಡ ಪ್ರೊಫೆಷನಲ್ ಲೀಗ್‌ಗಳ ಟೀಮ್ ಒಂದೂ ಇಲ್ಲ. ಫುಟ್‌ಬಾಲಿನ ಎನ್‌ಎಫ್‌ಎಲ್ ಇಲ್ಲ, ಬಾಸ್ಕೆಟ್‌ಬಾಲಿನ ಎನ್‌ಬಿಎ ಇಲ್ಲ. ದೇಶದ ಮುಂದೆ ಈ ರಾಜ್ಯದ ಹೆಸರು ಹೊತ್ಕೊಂಡು ಮೈದಾನಕ್ಕೆ ಇಳಿಯೋದು ಈ ಹುಡುಗರೇ. ಅಲಬಾಮಾದಲ್ಲೂ ಹಾಗೇ, ಅಲ್ಲೂ ಎನ್‌ಎಫ್‌ಎಲ್ ಟೀಮ್ ಇಲ್ಲ, ಹಾಗಾಗಿ ಇಡೀ ರಾಜ್ಯ ಅಲಬಾಮಾ ಇಲ್ಲ ಆಬರ್ನ್ ಅಂತ ಎರಡು ಭಾಗ ಆಗಿದೆ. ಲಿಂಕನ್ ಊರಲ್ಲಿರೋ ನೆಬ್ರಾಸ್ಕಾ ಟೀಮಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 85 ಸಾವಿರದಷ್ಟು ಜನ ಹಿಡೀತಾರೆ, ಮ್ಯಾಚ್ ದಿನ ಅದು ನೆಬ್ರಾಸ್ಕಾದ ಮೂರನೇ ದೊಡ್ಡ ಊರು ಅಂತಾರೆ, ಒಮಾಹಾ ಮತ್ತೆ ಲಿಂಕನ್ ಬಿಟ್ರೆ ಬೇರೆ ಯಾವ ಊರಲ್ಲೂ ಅಷ್ಟು ಜನ ಇಲ್ಲ, ಮಾತು ನಿಜಾನೇ. 1962ರ ನವೆಂಬರ್‌ನಿಂದ ಅಲ್ಲಿ ಆಡಿದ ಒಂದೊಂದು ಮ್ಯಾಚಿನ ಟಿಕೆಟ್ಟೂ ಖಾಲಿ ಅಂತ ಲೆಕ್ಕ. ಗೆಲ್ಲೋ ಕಾಲದಲ್ಲಿ ಸರಿ, 1994, 1995, 1997ರಲ್ಲಿ ಟಾಮ್ ಆಸ್‌ಬೋರ್ನ್ ಕೋಚ್ ಆಗಿದ್ದಾಗ ನ್ಯಾಷನಲ್ ಚಾಂಪಿಯನ್ ಪಟ್ಟ ಬಂತು. ಆದ್ರೆ 2017ರಿಂದ 2023ರ ತನಕ ಸೀಸನ್ ಆದ್ಮೇಲೆ ಆಡೋ ಬೌಲ್ ಮ್ಯಾಚ್ ಒಂದನ್ನೂ ಆಡಲಿಲ್ಲ ನಾವು, ಏಳು ಸೀಸನ್, ಆದ್ರೂ ಜನ ಬಂದ್ರು. 2023ರ ಆಗಸ್ಟ್ 30ಕ್ಕೆ ಅದೇ ಸ್ಟೇಡಿಯಂನಲ್ಲಿ ಹುಡುಗಿಯರ ವಾಲಿಬಾಲ್ ಮ್ಯಾಚ್ ಇಟ್ರು, 92,003 ಜನ ಬಂದ್ರು. ಆ ಸಂಖ್ಯೆ ಓದಿದಾಗ ನನಗೆ ಗಂಟಲು ಕಟ್ಟಿತು. ಅಷ್ಟು ಜನ ಬಂದಿದ್ದು ಫುಟ್‌ಬಾಲಿಗೆ ಅಲ್ಲವಲ್ಲ, ಎದೆ ಮೇಲಿರೋ ಆ ಹೆಸರಿಗೆ.

ಓದದೇ ಇರೋ ಕಾಲೇಜನ್ನ ತಮ್ಮದು ಮಾಡ್ಕೊಂಡ ದೊಡ್ಡ ಕಥೆ ಅಂದ್ರೆ ನೋಟರ್ ಡೇಮ್‌ದು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿರೋ ಕ್ಯಾಥೊಲಿಕ್ ಯೂನಿವರ್ಸಿಟಿ ಅದು. 1920ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಥೊಲಿಕ್ ವಲಸಿಗರನ್ನ, ಐರಿಷ್ ಇಟಾಲಿಯನ್ ಪೋಲಿಷ್ ಜನರನ್ನ, ಕೀಳಾಗಿ ನೋಡ್ತಿದ್ರು, ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ದ್ವೇಷದ ಗುಂಪು ಆಗ ಇಂಡಿಯಾನಾದಲ್ಲೇ ತುಂಬ ಬಲವಾಗಿತ್ತು. ಅದೇ ಹೊತ್ತಿಗೆ ಕೋಚ್ ನ್ಯೂಟ್ ರಾಕ್ನಿ ತಮ್ಮ ಟೀಮ್ ಕರ್ಕೊಂಡು ದೇಶ ಎಲ್ಲ ಸುತ್ತಿ ಆಡಿಸ್ತಿದ್ರು, ನ್ಯೂಯಾರ್ಕ್‌ನಲ್ಲಿ ಆರ್ಮಿ ಟೀಮ್, ಅಂದ್ರೆ ಸೇನೆಯ ಅಕಾಡೆಮಿ ಟೀಮ್ ಮೇಲೆ ಆಡೋ ಮ್ಯಾಚ್ ಅಂತೂ ಹಬ್ಬ. ಕಾಲೇಜ್ ಮುಖ ನೋಡದೇ ಇರೋ ಕಾರ್ಮಿಕರು ಸಬ್‌ವೇ ಹತ್ತಿ ಬಂದು ಸ್ಟೇಡಿಯಂ ತುಂಬಿಸ್ತಿದ್ರು, ಅವರಿಗೆ ‘ಸಬ್‌ವೇ ಅಲುಮ್ನಿ’, ಅಂದ್ರೆ ಸಬ್‌ವೇಯಲ್ಲಿ ಬರೋ ಹಳೇ ವಿದ್ಯಾರ್ಥಿಗಳು, ಅಂತಾನೇ ಹೆಸರು ಬಂತು. ಬರಕ್ಕಾಗದೋರು ರೇಡಿಯೋ ಮುಂದೆ ಕೂರ್ತಿದ್ರು. ನಮ್ಮನ್ನ ಬೈಯೋರ ಮುಂದೆ ನಮ್ಮ ಹುಡುಗರು ಗೆಲ್ತಿದಾರೆ ಅನ್ನೋದು ಆ ಜನಕ್ಕೆ ಎಷ್ಟು ದೊಡ್ಡದಾಗಿತ್ತು ನೋಡಿ. ಅವರ ಮರಿಮಕ್ಕಳು ಇವತ್ತೂ ನೋಟರ್ ಡೇಮ್ ಅಂತಾರೆ, ಹಲವರಿಗೆ ಯಾಕೆ ಶುರುವಾಯ್ತು ಅಂತ ನೆನಪೂ ಇಲ್ಲ.

ಅಲಬಾಮಾದಲ್ಲೂ ಇಂಥದ್ದೇ ಆಯ್ತು, 1926ರ ಜನವರಿ 1ಕ್ಕೆ ರೋಸ್ ಬೌಲ್ ಅನ್ನೋ ದೊಡ್ಡ ಬೌಲ್ ಮ್ಯಾಚಲ್ಲಿ ವಾಷಿಂಗ್ಟನ್ ಮೇಲೆ 20-19ರಲ್ಲಿ ಗೆದ್ದಾಗ ಇಡೀ ದಕ್ಷಿಣ ಭಾಗ ಅದನ್ನ ತನ್ನ ಗೆಲುವು ಅಂದುಕೊಂಡಿತು. ಇಡೀ ದಕ್ಷಿಣ ಅಂದೆ, ಆದ್ರೆ ಆ ಟೀಮಲ್ಲಿ ಕಪ್ಪು ಹುಡುಗರಿಗೆ ಜಾಗ ಇರಲಿಲ್ಲ, 1971ರ ತನಕ ಅಲಬಾಮಾ ಪರವಾಗಿ ಒಬ್ಬ ಕಪ್ಪು ಆಟಗಾರನೂ ಮುಖ್ಯ ಟೀಮಲ್ಲಿ ಆಡಿರಲಿಲ್ಲ. ಆ ಜನ ತಮ್ಮ ಪ್ರೀತಿಯನ್ನ ತಮ್ಮವೇ ಕಾಲೇಜುಗಳಿಗೆ ಕೊಟ್ರು, ಲೂಯಿಸಿಯಾನಾದ ಗ್ರಾಂಬ್ಲಿಂಗ್, ಸದರ್ನ್ ಥರದ ಕಾಲೇಜುಗಳು. ಗ್ರಾಂಬ್ಲಿಂಗ್ ಕೋಚ್ ಎಡ್ಡಿ ರಾಬಿನ್‌ಸನ್ ಒಂದೇ ಕಾಲೇಜಲ್ಲಿ 408 ಮ್ಯಾಚ್ ಗೆದ್ದೋರು. ಅಲ್ಲಿ ಹಾಫ್‌ಟೈಮಲ್ಲಿ ಬ್ಯಾಂಡ್‌ಗಳ ಪೈಪೋಟಿ ನಡೆಯುತ್ತಲ್ಲ, ಅದನ್ನ ನೋಡೋಕಂತಾನೇ ಬರೋರು ಬೇಕಾದಷ್ಟು ಜನ, ಎಲ್ಲರೂ ಎದ್ದು ಹೋಗೋ ಹೊತ್ತಲ್ಲಿ ಅಲ್ಲಿ ಯಾರೂ ಸೀಟ್ ಬಿಟ್ಟು ಏಳಲ್ಲ.

ನಿಮ್ಮ ಪಕ್ಕದ ಮನೆ ಅಜ್ಜನಿಗೆ ಆ ಟೀಮ್ ಮನೆದೇವರ ಥರ. ಅವರು ಆರಿಸ್ಕೊಂಡಿದ್ದಲ್ಲ, ಅಪ್ಪನಿಂದ ಬಂತು, ಮಗನಿಗೆ ಹೋಯ್ತು. ಒಂದು ಶನಿವಾರ ಅವರ ಜೊತೆ ಕೂತು ನೋಡಿ, ಹಳೇ ಮ್ಯಾಚಿನ ಕಥೆ ಕೇಳಿ, ಖುಷಿಯಾಗಿ ಹೇಳ್ತಾರೆ.

ಪ್ರಶ್ನೆ: ಮಕ್ಕಳಿಗೆ ಯಾವ ವಯಸ್ಸಲ್ಲಿ ಟೀಮ್ ಹುಚ್ಚು ಅಂಟತ್ತೆ? ನನ್ನ ಗಂಡ ಅಲಬಾಮಾದೋರು, ನಾನು ಓದಿದ್ದು ಆಬರ್ನ್. ಮಗಳಿಗೆ ಈಗ ಆರು ವರ್ಷ.
- ಬರ್ಮಿಂಗ್‌ಹ್ಯಾಂ, ಅಲಬಾಮಾ

ಉತ್ತರ: ಹಾಗಿದ್ರೆ ಟೈಮ್ ಜಾಸ್ತಿ ಇಲ್ಲ ಮೇಡಂ. ಬೇಸ್‌ಬಾಲ್ ಬಗ್ಗೆ ಸೇಥ್ ಸ್ಟೀಫನ್ಸ್ ಡೇವಿಡೋವಿಟ್ಸ್ ಅನ್ನೋರು ಫೇಸ್‌ಬುಕ್ ಡೇಟಾ ಇಟ್ಕೊಂಡು 2014ರಲ್ಲಿ ಲೆಕ್ಕ ಹಾಕಿದ್ರು, ಹುಡುಗನಿಗೆ ಎಂಟು ವರ್ಷ ಇರೋ ಆಸುಪಾಸಲ್ಲಿ ಯಾವ ಟೀಮ್ ಚಾಂಪಿಯನ್ ಆಗತ್ತೋ ಅದು ದೊಡ್ಡೋನಾದ್ಮೇಲೂ ಜೊತೆಗಿರೋ ಸಾಧ್ಯತೆ ಜಾಸ್ತಿ ಅಂತ ಬಂತು. ಅದು ಗಂಡು ಮಕ್ಕಳ ಲೆಕ್ಕ, ಅದೂ ಬೇಸ್‌ಬಾಲ್, ಕಾಲೇಜ್ ಫುಟ್‌ಬಾಲಿಗೆ ಹಾಗೇ ಅಂಟಿಸೋಕೆ ಆಗಲ್ಲ. ಯಾಕಂದ್ರೆ ಇಲ್ಲಿ ಎರಡನೇ ಬಾಗಿಲೂ ಇದೆ, ಹದಿನೆಂಟಕ್ಕೆ ಕಾಲೇಜ್ ಸೇರೋವಾಗ. ಆದ್ರೂ ನಾನು ನೋಡಿರೋ ಹಾಗೆ ಮಕ್ಕಳು ಟೀಮ್ ನೋಡಲ್ಲ, ಮನೇಲಿ ಯಾರು ಯಾವುದನ್ನ ನೋಡ್ತಾ ಖುಷಿಯಾಗಿದಾರೆ ಅಂತ ನೋಡ್ತಾರೆ. ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ಕುಣಿದಿದ್ದು, ಅಮ್ಮ ಕೆನ್ನೆ ಮೇಲೆ ಬಣ್ಣ ಬಳಿದಿದ್ದು, ಅಜ್ಜಿ ಹೊದೆಸಿದ ಕಂಬಳಿ. ಸ್ಕೋರ್ ಎಷ್ಟಿತ್ತು ಅಂತ ಅವರಿಗೆ ನೆನಪಿರಲ್ಲ.

ನಿಮ್ಮಂಥ ಮನೆಗಳು ಅಲಬಾಮಾದಲ್ಲಿ ಬಹಳ ಇವೆ, ಅರ್ಧ ಒಂದು ಟೀಮ್ ಅರ್ಧ ಇನ್ನೊಂದು ಟೀಮ್ ಇರೋ ಬೋರ್ಡ್ ಕಾರಿನ ಮುಂದೆ ಹಾಕ್ಕೊಂಡು ಓಡಾಡ್ತಾರೆ. ಮಗಳನ್ನ ಎಳೆದಾಡಬೇಡಿ, ಎರಡೂ ಕಡೆ ಕರ್ಕೊಂಡು ಹೋಗಿ, ಅವಳೇ ಹೇಳ್ತಾಳೆ.

ಪ್ರಶ್ನೆ: ಗೆಲ್ಲೋ ಟೀಮ್ ಹಿಂದೆ ಹೋಗೋದು ಸರಿ. ಯಾವಾಗಲೂ ಸೋಲೋ ಟೀಮ್‌ಗೂ ಜೀವನಪೂರ್ತಿ ಫ್ಯಾನ್ಸ್ ಇರ್ತಾರಲ್ಲ, ಅವರಿಗೆ ಏನು ಸಿಗತ್ತೆ?
- ಶಿಕಾಗೋ ಓದುಗ

ಉತ್ತರ: ನಿಮ್ಮೂರಿನ ಪಕ್ಕದಲ್ಲೇ ಉದಾಹರಣೆ ಇದೆ. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿ 1979ರಿಂದ 1982ರ ತನಕ ಸತತ 34 ಮ್ಯಾಚ್ ಸೋತಿತು. ಕೊನೆಗೂ 1982ರ ಸೆಪ್ಟೆಂಬರ್‌ನಲ್ಲಿ ಒಂದು ಗೆದ್ದಾಗ ಹುಡುಗರು ಗೋಲ್‌ಪೋಸ್ಟ್ ಕಿತ್ಕೊಂಡು ಹೋಗಿ ಮಿಷಿಗನ್ ಸರೋವರಕ್ಕೆ ಎಸೆದ್ರು. ಆಮೇಲೆ 1995ರಲ್ಲಿ ಅದೇ ಟೀಮ್ ಬಿಗ್ ಟೆನ್ ಅನ್ನೋ ಕಾನ್ಫರೆನ್ಸಿನ, ಅಂದ್ರೆ ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪಿನ ಚಾಂಪಿಯನ್ ಆಗಿ ರೋಸ್ ಬೌಲ್‌ಗೆ ಹೋಯ್ತು. 34 ಸೋಲನ್ನೂ ಕೂತು ನೋಡಿದ್ದೋನಿಗೆ 1995 ಎಷ್ಟು ಸಿಹಿ ಇದ್ದಿರಬೇಕು, ಪ್ರತಿ ವರ್ಷ ಗೆಲ್ಲೋ ಟೀಮಿನ ಫ್ಯಾನಿಗೆ ಆ ರುಚಿ ಗೊತ್ತೇ ಆಗಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

2024ರಲ್ಲೇ ನೋಡಿ. ಅಕ್ಟೋಬರ್ 5ಕ್ಕೆ ವ್ಯಾಂಡರ್‌ಬಿಲ್ಟ್, ತನ್ನ ಕಾನ್ಫರೆನ್ಸ್‌ನಲ್ಲಿ ತಲೆಮಾರುಗಳಿಂದ ಕೆಳಗೇ ಇದ್ದ ಟೀಮ್, ಆಗ ನಂಬರ್ ಒನ್ ಆಗಿದ್ದ ಅಲಬಾಮಾನ 40-35ರಲ್ಲಿ ಸೋಲಿಸ್ತು. 1984ರ ನಂತರ ಅಲಬಾಮಾ ಮೇಲೆ ಒಂದೂ ಗೆಲುವಿರಲಿಲ್ಲ. ಜನ ಗೋಲ್‌ಪೋಸ್ಟ್ ಕಿತ್ತು ಹೆಗಲ ಮೇಲೆ ಹೊತ್ಕೊಂಡು ನ್ಯಾಶ್‌ವಿಲ್ ಬೀದಿಗಳಲ್ಲಿ ಮೆರವಣಿಗೆ ಮಾಡಿ ಕಂಬರ್‌ಲ್ಯಾಂಡ್ ನದಿಗೆ ಹಾಕಿದ್ರು. ಅದೇ ವರ್ಷ ಇಂಡಿಯಾನಾ, ಇತಿಹಾಸದಲ್ಲಿ ಅತಿ ಹೆಚ್ಚು ಸೋತ ಟೀಮ್‌ಗಳಲ್ಲಿ ಒಂದು, 11 ಮ್ಯಾಚ್ ಗೆದ್ದು ಮೊದಲ ಸಲ ನ್ಯಾಷನಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪ್ಲೇಆಫ್‌ಗೆ ಹೋಯ್ತು.

ಡೇನಿಯಲ್ ವಾನ್ ಮತ್ತೆ ನಯ್ಲಾ ಬ್ರಾನ್ಸ್‌ಕೂಂಬ್ ಅನ್ನೋ ಸಂಶೋಧಕರು 1990ರಲ್ಲಿ ತೋರಿಸಿದ್ದು ಏನು ಅಂದ್ರೆ, ಟೀಮ್ ಜೊತೆ ಗಟ್ಟಿಯಾಗಿ ಗುರುತಿಸ್ಕೊಂಡೋರು ಸೋತಾಗಲೂ ದೂರ ಹೋಗಲ್ಲ, ಮೇಲುಮೇಲಿನ ಫ್ಯಾನ್ಸ್ ಮಾತ್ರ ಜಾರ್ಕೋತಾರೆ. ಸೋಲಲ್ಲಿ ಪಕ್ಕ ಕೂತಿದ್ದೋರ ಮುಖ ಚೆನ್ನಾಗಿ ನೆನಪಿರತ್ತೆ. ಮಳೇಲಿ ಖಾಲಿ ಬೆಂಚುಗಳ ಮಧ್ಯೆ ನಾಲ್ಕನೇ ಕ್ವಾರ್ಟರ್, ಅಂದ್ರೆ ಆಟದ ಕೊನೇ ಕಾಲು ಭಾಗದ ತನಕ ಜೊತೆಗೆ ಕೂತೋರು ಗೆದ್ದ ದಿನ ತಬ್ಬಿಕೊಳ್ಳೋದೇ ಬೇರೆ ಥರ.

ಪ್ರಶ್ನೆ: ಪ್ರೀತಿ ಸರಿ, ಇದರಲ್ಲಿ ದ್ವೇಷನೂ ಅಷ್ಟೇ ಇದೆಯಲ್ಲ. ಒಳ್ಳೆಯದಾ ಇದು?
- ಅಟ್ಲಾಂಟಾ

ಉತ್ತರ: ಮಿತಿ ಮೀರಿದ್ರೆ ಖಂಡಿತ ಒಳ್ಳೆಯದಲ್ಲ. ಆಬರ್ನ್ ಊರಿನ ಟೂಮರ್ಸ್ ಕಾರ್ನರ್‌ನಲ್ಲಿ ಎರಡು ಹಳೇ ಓಕ್ ಮರ ಇದ್ವು, ಗೆದ್ದ ದಿನ ಜನ ಅಲ್ಲಿ ಸೇರಿ ಕೊಂಬೆಗಳ ಮೇಲೆ ಟಾಯ್ಲೆಟ್ ಪೇಪರ್ ಸುರುಳಿ ಎಸೆದು ಮರ ಬೆಳ್ಳಗೆ ಮಾಡ್ತಿದ್ರು. 2010ರಲ್ಲಿ ಅಲಬಾಮಾ 24-0 ಮುಂದಿದ್ದೂ ಆಬರ್ನ್ ಹತ್ರ 28-27ರಲ್ಲಿ ಸೋತಿತು, ಅದಾದ್ಮೇಲೆ ಒಬ್ಬ ಅಲಬಾಮಾ ಫ್ಯಾನ್ ಹೋಗಿ ಆ ಮರಗಳ ಬುಡಕ್ಕೆ ಕಳೆನಾಶಕ ಸುರಿದ, ಅದನ್ನ ತಾನೇ ರೇಡಿಯೋ ಶೋಗೆ ಫೋನ್ ಮಾಡಿ ಹೇಳ್ಕೊಂಡ. ಮರ ಉಳಿಯಲಿಲ್ಲ, 2013ರಲ್ಲಿ ಕಡಿದು ತೆಗೆದ್ರು, ಅವನು ಜೈಲಿಗೆ ಹೋದ. ಅದನ್ನ ಪ್ರೀತಿ ಅಂತ ನಾನು ಒಪ್ಪಲ್ಲ. ಮರಗಳನ್ನ ಉಳಿಸೋ ಪ್ರಯತ್ನಕ್ಕೆ ದುಡ್ಡು ಕೊಟ್ಟೋರಲ್ಲಿ ಅಲಬಾಮಾ ಫ್ಯಾನ್ಸೂ ಇದ್ರು, ಅವರನ್ನ ಫ್ಯಾನ್ಸ್ ಅಂತೀನಿ.

ನಮ್ಮ ಕಣ್ಣೇ ಪಕ್ಷಪಾತ ಮಾಡತ್ತೆ ಅನ್ನೋದು ಹಳೇ ವಿಷಯ. 1951ರಲ್ಲಿ ಪ್ರಿನ್ಸ್‌ಟನ್ ಮತ್ತೆ ಡಾರ್ಟ್‌ಮತ್ ಮಧ್ಯೆ ತುಂಬ ಒರಟಾಗಿ ಒಂದು ಮ್ಯಾಚ್ ನಡೀತು, ಮೂಗು ಮುರೀತು, ಕಾಲು ಮುರೀತು. ಇಬ್ಬರು ಸಂಶೋಧಕರು ಎರಡೂ ಕಾಲೇಜಿನ ಹುಡುಗರಿಗೆ ಅದೇ ಫಿಲ್ಮ್ ತೋರಿಸಿ ತಪ್ಪು ಎಣಿಸಿ ಅಂದ್ರು, ಡಾರ್ಟ್‌ಮತ್ ಮಾಡಿದ ತಪ್ಪು ಡಾರ್ಟ್‌ಮತ್ ಹುಡುಗರಿಗೆ ಕಂಡಿದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಪ್ರಿನ್ಸ್‌ಟನ್ ಹುಡುಗರಿಗೆ ಕಾಣಿಸ್ತು. ರೆಫರಿ ಮೇಲೆ ಸಿಟ್ಟು ಬಂದಾಗಲೆಲ್ಲ ನಾನು ಇದನ್ನ ನೆನಪು ಮಾಡ್ಕೋತೀನಿ.

ಇನ್ನೊಂದು ಮುಖನೂ ನೋಡಬೇಕು. ಅಯೋವಾದ ಕಿನ್ನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ, ಮೇಲಿನ ಮಹಡಿ ಕಿಟಕಿಯಿಂದ ಮೈದಾನ ಕಾಣತ್ತೆ. 2017ರಿಂದ ಮೊದಲ ಕ್ವಾರ್ಟರ್ ಮುಗಿದ ತಕ್ಷಣ ಸ್ಟೇಡಿಯಂನಲ್ಲಿರೋ 70 ಸಾವಿರದಷ್ಟು ಜನ ಆ ಕಡೆ ತಿರುಗಿ ಮಕ್ಕಳಿಗೆ ಕೈ ಬೀಸ್ತಾರೆ, ಎದುರು ಟೀಮಿನ ಆಟಗಾರರು, ಫ್ಯಾನ್ಸ್, ರೆಫರಿಗಳು ಎಲ್ಲರೂ. ಅಯೋವಾ ನಮ್ಮ ನೆಬ್ರಾಸ್ಕಾಗೆ ದೊಡ್ಡ ರೈವಲ್, ಆದ್ರೆ ಆ ಹೊತ್ತಲ್ಲಿ ನಮ್ಮ ಕೆಂಪು ಬಟ್ಟೆಯೋರ ಕೈನೂ ಮೇಲಿರತ್ತೆ. ಸೇನೆ ಮತ್ತೆ ನೌಕಾಪಡೆ ಅಕಾಡೆಮಿಗಳ ಮಧ್ಯದ ಆರ್ಮಿ ನೇವಿ ಮ್ಯಾಚ್, 1890ರಿಂದ ನಡೀತಿರೋದು, ಅಲ್ಲಿ ಆಟ ಮುಗಿದ ಮೇಲೆ ಎರಡೂ ಟೀಮ್ ಒಟ್ಟಿಗೆ ನಿಂತು ಮೊದಲು ಸೋತವರ ಕಾಲೇಜ್ ಗೀತೆ, ಆಮೇಲೆ ಗೆದ್ದವರದು ಹಾಡ್ತಾರೆ.

ಪ್ರಶ್ನೆ: ಈಗ ಆಟಗಾರರು ದುಡ್ಡು ತಗೋತಾರೆ, ವರ್ಷಕ್ಕೊಂದು ಕಾಲೇಜ್ ಬದಲಾಯಿಸ್ತಾರೆ. ಇನ್ನು ಮುಂದೆ ಜೀವನಪೂರ್ತಿ ಫ್ಯಾನ್ ಅನ್ನೋದು ಉಳಿಯತ್ತಾ ಸಾರ್?
- ಆಸ್ಟಿನ್, ಟೆಕ್ಸಸ್

ಉತ್ತರ: ಉಳಿಯತ್ತೆ ಅಂತ ನನ್ನ ನಂಬಿಕೆ, ಆದ್ರೆ ಆತಂಕ ಇಲ್ಲ ಅನ್ನಲ್ಲ.

ಆಟಗಾರರು ಕಾಲೇಜ್ ಬದಲಾಯಿಸೋಕೆ ಅನುಕೂಲ ಆಗೋ ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಬಂತು. 2021ರ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಲ್ಲಿ ಸಂಪಾದನೆ ಮಾಡಬಹುದು ಅಂತ ಆಯ್ತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಮೇಲೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ ಎಲ್ಲ ಆಟ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ದುಡ್ಡು ಕೊಡೋದು ತಪ್ಪು ಅಂತ ನನಗೆ ಯಾವತ್ತೂ ಅನ್ಸಿಲ್ಲ. ಟಿವಿ ಕಂಪನಿ, ಕೋಚ್, ಕಾಲೇಜ್ ಎಲ್ಲರೂ ಕೋಟಿಗಟ್ಟಲೆ ದುಡೀತಾ ಇರೋವಾಗ ಮೂಳೆ ಮುರ್ಕೊಳ್ಳೋ ಹುಡುಗನಿಗೆ ಮಾತ್ರ ಬರೀ ಸ್ಕಾಲರ್‌ಶಿಪ್ ಸಾಕು ಅನ್ನೋದು ಯಾವ ನ್ಯಾಯ.

ಆಮೇಲೆ ಯೋಚನೆ ಮಾಡಿ, ಆಟಗಾರ ಹಿಂದೇನೂ ನಾಲ್ಕೈದು ವರ್ಷಕ್ಕೆ ಹೋಗ್ತಿದ್ದ. ಕೋಚ್ ಹೋಗ್ತಾರೆ. ಅರವತ್ತು ವರ್ಷ ಅಲ್ಲೇ ಇರೋರು ಅಂದ್ರೆ ಫ್ಯಾನ್ಸೇ. ಟೆಕ್ಸಸ್ ಎ ಅಂಡ್ ಎಂನೋರು ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ. 1922ರ ಜನವರಿ 2ಕ್ಕೆ ಡಲ್ಲಾಸ್‌ನಲ್ಲಿ ಆಡ್ತಾ ಆಟಗಾರರು ಒಬ್ಬೊಬ್ಬರೇ ಪೆಟ್ಟು ತಿಂದು ಹೊರಗೆ ಬಂದಾಗ ಕೋಚ್ ಪ್ರೇಕ್ಷಕರ ಜಾಗದಿಂದ ಇ. ಕಿಂಗ್ ಗಿಲ್ ಅನ್ನೋ ವಿದ್ಯಾರ್ಥಿನ ಕರೆದ್ರು, ಅವರು ಡ್ರೆಸ್ ಹಾಕ್ಕೊಂಡು ಮ್ಯಾಚ್ ಮುಗಿಯೋ ತನಕ ಸೈಡಲ್ಲಿ ರೆಡಿ ನಿಂತ್ರು, ಆಡೋ ಅವಕಾಶ ಬರಲಿಲ್ಲ. ಅದರ ನೆನಪಿಗೆ ಇವತ್ತೂ ಅಲ್ಲಿ ವಿದ್ಯಾರ್ಥಿಗಳು ಮ್ಯಾಚ್ ಪೂರ್ತಿ ನಿಂತೇ ನೋಡ್ತಾರೆ, ಮೈದಾನದಲ್ಲಿ ಒಂದು ಕಡೆ ಹನ್ನೊಂದು ಜನ ಆಡೋದ್ರಿಂದ ತಮ್ಮನ್ನ ಹನ್ನೆರಡನೇ ಆಟಗಾರ ಅಂತ ಕರ್ಕೋತಾರೆ.

ನನಗೆ ಹೆದರಿಕೆ ಇರೋದು ದುಡ್ಡಿನ ಬಗ್ಗೆ ಅಲ್ಲ, ರೈವಲ್ರಿಗಳನ್ನ ಕಡಿದು ಹಾಕೋದರ ಬಗ್ಗೆ. ಟಿವಿ ಒಪ್ಪಂದಕ್ಕೋಸ್ಕರ 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ಯೂನಿವರ್ಸಿಟಿ, ಆರೆಗನ್, ವಾಷಿಂಗ್ಟನ್ ಎಲ್ಲ ಬಿಗ್ ಟೆನ್‌ಗೆ ಸೇರಿದ್ವು, ಅದೇ ಕಾನ್ಫರೆನ್ಸಲ್ಲಿ ನ್ಯೂಜರ್ಸಿಯ ರಟ್ಗರ್ಸ್ ಇದೆ, ದೇಶದ ಈ ತುದಿಯಿಂದ ಆ ತುದಿ. ಪಶ್ಚಿಮ ತೀರದ ಹಳೇ ಪ್ಯಾಕ್ 12 ಕಾನ್ಫರೆನ್ಸಲ್ಲಿ ಆ ಸೀಸನ್ನಿಗೆ ಉಳಿದಿದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಆ ಎರಡು ಊರಿನ ಫ್ಯಾನ್ಸ್ ಏನು ತಪ್ಪು ಮಾಡಿದ್ರು? ಕಾರಲ್ಲಿ ಎರಡು ಗಂಟೆ ಹೋದ್ರೆ ಸಿಗೋ ಎದುರಾಳಿ ಇದ್ರೆ ಅಪ್ಪ ಮಗ ಇಬ್ಬರೂ ಹೋಗ್ತಾರೆ, ವಿಮಾನದಲ್ಲಿ ಐದು ಗಂಟೆ ಅಂದ್ರೆ ಟಿವಿನೇ ಗತಿ, ಬರೀ ಟಿವಿಯಿಂದ ಮುಂದಿನ ತಲೆಮಾರು ಹುಟ್ಟಲ್ಲ. ಸಮಾಧಾನಕ್ಕೆ ನಿಮ್ಮ ಟೆಕ್ಸಸ್‌ದೇ ಕಥೆ ಇದೆ, ಟೆಕ್ಸಸ್ ಮತ್ತೆ ಎ ಅಂಡ್ ಎಂ ಮ್ಯಾಚ್ 2011ರ ನಂತರ ಇದೇ ಕಾರಣಕ್ಕೆ ನಿಂತುಹೋಗಿತ್ತು, 2024ರ ನವೆಂಬರ್ 30ಕ್ಕೆ ವಾಪಸ್ ಬಂತು. ಅಷ್ಟು ವರ್ಷ ಆಟ ಇರಲಿಲ್ಲ, ಆದ್ರೂ ಜನರಲ್ಲಿ ಆ ಬಿಸಿ ಒಂಚೂರೂ ಆರಿರಲಿಲ್ಲ.

ಪ್ರಶ್ನೆ: ನನಗೆ 45 ವರ್ಷ, ಅಮೆರಿಕದಲ್ಲಿ ಓದಿಲ್ಲ, ಹೋದ ವರ್ಷ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಕೆಲಸದ ಮೇಲೆ ಬಂದೆ. ಈ ವಯಸ್ಸಲ್ಲಿ ಫ್ಯಾನ್ ಆದ್ರೆ ಅದು ನಿಜವಾದ್ದಾ? ಎಲ್ಲಿಂದ ಶುರು ಮಾಡ್ಲಿ?
- ಹೊಸಬ

ಉತ್ತರ: ನಿಜವಾದ್ದೇ. 45ಕ್ಕೆ ಶುರು ಮಾಡಿದ್ರೂ ಮೂವತ್ತು ನಲವತ್ತು ಸೀಸನ್ ಸಿಗತ್ತೆ, ಯಾರೂ ಬಾಗಿಲಲ್ಲಿ ನಿಂತು ಮಾರ್ಕ್ಸ್‌ಕಾರ್ಡ್ ಕೇಳಲ್ಲ.

ಮೊದಲ ಸಲ ದೊಡ್ಡ ರೈವಲ್ರಿ ಮ್ಯಾಚಿಗೆ ಹೋಗಬೇಡಿ, ಟಿಕೆಟ್ ದುಬಾರಿ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಸಣ್ಣ ಕಾಲೇಜ್ ಮೇಲೆ ಆಡೋ ಮ್ಯಾಚ್ ಇರತ್ತೆ, ಅದಕ್ಕೆ ಕಮ್ಮಿಗೆ ಸಿಗತ್ತೆ, ಹವಾನೂ ಚೆನ್ನಾಗಿರತ್ತೆ. ಆಟಕ್ಕೆ ಮೂರು ಗಂಟೆ ಮುಂಚೆನೇ ಹೋಗಿ, ಪಾರ್ಕಿಂಗ್‌ನಲ್ಲಿ ಕಾರ್ ಡಿಕ್ಕಿ ತೆಗೆದು ಒಲೆ ಹಚ್ಚಿ ಅಡುಗೆ ಮಾಡ್ತಾ ಕೂತಿರ್ತಾರೆ, ಅದೇ ಟೇಲ್‌ಗೇಟಿಂಗ್, ಮೊದಲ ಸಲ ಬಂದಿದೀನಿ ಅಂತ ಹೇಳಿ, ಕೂರಿಸಿ ತಿನ್ನಿಸದೇ ಬಿಡಲ್ಲ. ಕೆಂಪು ಬಟ್ಟೆ ಹಾಕ್ಕೊಂಡು ಹೋಗಿ. ನಾಲ್ಕು ಚಾನ್ಸಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸ್, ಹೋಗದಿದ್ರೆ ಚೆಂಡು ಎದುರಾಳಿಗೆ, ಇಷ್ಟು ಗೊತ್ತಿದ್ರೆ ಮೊದಲ ದಿನಕ್ಕೆ ಸಾಕು, ಉಳಿದಿದ್ದು ಪಕ್ಕದ ಸೀಟಿನೋರು ಹೇಳ್ಕೊಡ್ತಾರೆ. ಮೂರನೇ ಕ್ವಾರ್ಟರ್ ಮುಗಿದಾಗ ಅಲ್ಲಿ ಒಂದು ಹಾಡಿಗೆ ಇಡೀ ಸ್ಟೇಡಿಯಂ ಕುಣಿಯತ್ತೆ, 1998ರಿಂದ ನಡ್ಕೊಂಡು ಬಂದಿರೋದು, ಆ ಹೊತ್ತಲ್ಲಿ ಸೀಟಲ್ಲಿ ಕೂತಿರಬೇಡಿ. ಆಟ ಮುಗೀತು ಅಂತ ಎದ್ದು ಬರಲೂಬೇಡಿ, ಗೆದ್ರೂ ಸೋತ್ರೂ ಆಮೇಲೆ ಬ್ಯಾಂಡಿನೋರು ಮೈದಾನಕ್ಕೆ ವಾಪಸ್ ಬಂದು ಬಾರಿಸ್ತಾರೆ, ಮ್ಯಾಡಿಸನ್‌ನೋರು ಅದನ್ನ ಐದನೇ ಕ್ವಾರ್ಟರ್ ಅಂತಾರೆ.

ಆಗೋದಾದ್ರೆ ಮುಂದಿನ ವರ್ಷ ಸೀಸನ್ ಟಿಕೆಟ್ ತಗೊಳ್ಳಿ, ಒಂದೇ ಜಾಗದ್ದು. ಪ್ರತಿ ಸಲ ಬೇರೆ ಬೇರೆ ಕಡೆ ಕೂತ್ರೆ ಬರೀ ಆಟ ನೋಡ್ತೀರಿ, ಒಂದೇ ಕಡೆ ಕೂತ್ರೆ ಹಿಂದಿನ ಸಾಲಿನೋರ ಮಕ್ಕಳ ಹೆಸರೂ ಗೊತ್ತಾಗತ್ತೆ. ನೆಬ್ರಾಸ್ಕಾ ಮೇಲೆ ಮ್ಯಾಚ್ ಇರೋ ವಾರ ಮಾತ್ರ ನನಗೆ ಪತ್ರ ಬರೀಬೇಡಿ, ಆ ವಾರ ನಾವಿಬ್ಬರೂ ಬೇರೆ ಬೇರೆ ಕಡೆ.